ಸೆಟ್ಟಿಂಗ್ ಏನಿಟ್ಟಿದ್ದೀರಿ? ಬೀದಿ ಫೋಟೋ ಮತ್ತು ಎಕ್ಸ್‌ಪೋಶರ್ ಲೆಕ್ಕ



ಪುಣೆಯಲ್ಲಿ ಶನಿವಾರ ಬೆಳಗ್ಗೆ ನಾವು ನಾಲ್ಕೈದು ಜನ ಕನ್ನಡದವರು ಕ್ಯಾಮೆರಾ ಹಿಡ್ಕೊಂಡು ಹಳೇ ಊರಿನ ಕಡೆ ಹೋಗ್ತೀವಿ. ಮಂಡಯಿ, ತುಳಶಿಬಾಗ್, ಲಕ್ಷ್ಮೀ ರೋಡ್, ರವಿವಾರ ಪೇಠ್, ಹೀಗೆ. ಪ್ರತಿ ಸಲ ಯಾರಾದ್ರೂ ಒಬ್ಬರು ಹೊಸಬರು ಸೇರ್ಕೊಳ್ತಾರೆ. ಅವರು ಕೇಳೋ ಮೊದಲ ಪ್ರಶ್ನೆ ಯಾವಾಗಲೂ ಒಂದೇ: "ಸೆಟ್ಟಿಂಗ್ ಏನಿಟ್ಟಿದ್ದೀರಿ?" ತಪ್ಪೇನಿಲ್ಲ. ನಾವೆಲ್ಲ ಐಟಿ ಮಂದಿ. ಯಾರೋ ಒಬ್ಬರು ಕಾನ್ಫಿಗ್ ಫೈಲ್ ಕೊಟ್ರೆ ಕಾಪಿ ಮಾಡ್ಕೊಂಡು ಕೆಲಸ ಮುಗಿಸೋ ಅಭ್ಯಾಸ ನಮಗೆ. ಇವತ್ತು ನನ್ನ ಕಾನ್ಫಿಗ್ ನಿಮಗೂ ಕೊಟ್ಟೇ ಕೊಡ್ತೀನಿ, ಮುಚ್ಚಿಡೋಕೆ ಅದರಲ್ಲಿ ಏನೂ ಇಲ್ಲ. ಆದ್ರೆ ಆ ಅಂಕಿಗಳು ಯಾಕೆ ಹಾಗಿವೆ ಅನ್ನೋದು ಗೊತ್ತಿಲ್ಲದಿದ್ರೆ ಮಂಡಯಿಯ ಬಾಗಿಲು ದಾಟಿ ಒಳಗೆ ಕಾಲಿಟ್ಟ ತಕ್ಷಣ ಅವು ಕೈಕೊಡ್ತವೆ.

ಶಟರ್ ಸ್ಪೀಡ್, ಅಪರ್ಚರ್, ಐಎಸ್ಒ ಮೂರೂ ಸೇರಿ ಎಕ್ಸ್‌ಪೋಶರ್ ಅನ್ನೋದು ನಿಮಗೆ ಗೊತ್ತಿದೆ ಅಂತ ಇಟ್ಕೊಳ್ತೀನಿ. ಆ ತ್ರಿಕೋನದ ಚಿತ್ರ ನೂರು ವಿಡಿಯೋಗಳಲ್ಲಿದೆ, ಇಲ್ಲಿ ಮತ್ತೆ ಬೇಡ. ನಾನು ಅದನ್ನ ಬೇರೆ ಥರ ನೋಡ್ತೀನಿ. ಬೀದಿಯಲ್ಲಿ ಬೆಳಕು ನಮ್ಮ ಕೈಯಲ್ಲಿಲ್ಲ, ಜನ ನಮ್ಮ ಕೈಯಲ್ಲಿಲ್ಲ. ಏನಾದ್ರೂ ಒಂದನ್ನ ಬಿಟ್ಟುಕೊಡಲೇಬೇಕಾಗುತ್ತೆ. ಚೂಪುತನ ಬಿಡ್ತೀರಾ, ಹಿಂದಿನ ದೃಶ್ಯ ಬಿಡ್ತೀರಾ, ಆಕಾಶ ಬಿಡ್ತೀರಾ, ಮುಖ ಬಿಡ್ತೀರಾ? ಏನನ್ನ ಬಿಡೋಕೆ ತಯಾರಿದ್ದೀರಿ ಅನ್ನೋದನ್ನ ಕ್ಯಾಮೆರಾ ಎತ್ತುವ ಮೊದಲೇ ತೀರ್ಮಾನ ಮಾಡಿರಬೇಕು. ಎತ್ತಿದ ಮೇಲೆ ಟೈಮ್ ಇರಲ್ಲ. ನೀವು ತೀರ್ಮಾನ ಮಾಡದಿದ್ರೆ ಕ್ಯಾಮೆರಾ ಮಾಡುತ್ತೆ, ಮತ್ತೆ ಅದು ಯಾವ ಲೆಕ್ಕದಲ್ಲಿ ಮಾಡುತ್ತೆ ಅನ್ನೋದು ಸ್ವಲ್ಪ ಯೋಚನೆ ಮಾಡಬೇಕಾದ ವಿಷಯ. ಅದಕ್ಕೆ ಆಮೇಲೆ ಬರ್ತೀನಿ.

ಮೊದಲು ಶಟರ್. ನನ್ನ ಪ್ರಕಾರ ಬೀದಿಯಲ್ಲಿ ಮೊದಲು ಇಡಬೇಕಾದ್ದು ಇದೇ. ತುಂಬ ಜನ ಅಪರ್ಚರ್ ಪ್ರಯಾರಿಟಿಯಲ್ಲಿ ಇಟ್ಟು ಶಟರನ್ನ ಕ್ಯಾಮೆರಾಕ್ಕೆ ಬಿಡ್ತಾರೆ. ಬಿಸಿಲಲ್ಲಿ ಅದು ನಡೆಯುತ್ತೆ. ನೆರಳಿಗೆ ಬಂದ ಕೂಡಲೇ ಕ್ಯಾಮೆರಾ ಸದ್ದಿಲ್ಲದೆ 1/60ಕ್ಕೆ ಇಳಿದಿರುತ್ತೆ, ನೀವು ನೋಡಿರಲ್ಲ.

ಒಂದು ಚಿಕ್ಕ ಲೆಕ್ಕ ಮಾಡೋಣ. ಮನುಷ್ಯ ಗಂಟೆಗೆ ಸುಮಾರು 5 ಕಿಲೋಮೀಟರ್ ನಡೀತಾನೆ. ಅಂದ್ರೆ ಸೆಕೆಂಡಿಗೆ 1.4 ಮೀಟರ್. ಶಟರ್ 1/250 ಇದ್ರೆ ಅದು ತೆರೆದಿರುವಷ್ಟು ಹೊತ್ತಿನಲ್ಲಿ ಅವನು ಐದೂವರೆ ಮಿಲಿಮೀಟರ್ ಮುಂದೆ ಹೋಗಿರ್ತಾನೆ. ಇದು ಫೋಟೋದಲ್ಲಿ ಎಷ್ಟು ಕಾಣುತ್ತೆ? ನನ್ನದು 24 ಮೆಗಾಪಿಕ್ಸೆಲ್ ಎಪಿಎಸ್-ಸಿ ಕ್ಯಾಮೆರಾ, 23 ಮಿ.ಮೀ. ಲೆನ್ಸ್. ಅವನು 3 ಮೀಟರ್ ದೂರದಲ್ಲಿ ನನ್ನೆದುರು ಅಡ್ಡಡ್ಡ ನಡೀತಿದ್ರೆ 1/250ರಲ್ಲಿ ಸುಮಾರು 11 ಪಿಕ್ಸೆಲ್ ಅಷ್ಟು ಮಸುಕು. 1/60ರಲ್ಲಿ ಅದೇ 45 ಪಿಕ್ಸೆಲ್. 1/1000ದಲ್ಲಿ 3 ಪಿಕ್ಸೆಲ್‌ಗಿಂತ ಕಡಿಮೆ. ಈಗ ಇದನ್ನ ಫೋನಿನಲ್ಲಿ 1080 ಪಿಕ್ಸೆಲ್ ಅಗಲಕ್ಕೆ ಇಳಿಸಿ ನೋಡಿ. 11 ಇದ್ದದ್ದು 2 ಆಗುತ್ತೆ, ಕಣ್ಣಿಗೆ ಕಾಣಲ್ಲ. 45 ಇದ್ದದ್ದು 8 ಆಗುತ್ತೆ, ಎದ್ದು ಕಾಣುತ್ತೆ. ಇನ್‌ಸ್ಟಾಗ್ರಾಮಿಗೆ ಮಾತ್ರ ಹಾಕೋರಿಗೆ 1/250 ಸಾಕು. ಗೋಡೆಗೆ ದೊಡ್ಡದಾಗಿ ಪ್ರಿಂಟ್ ಹಾಕೋ ಆಸೆ ಇದ್ರೆ 1/500.

ಇದು ದೇಹದ ವೇಗ ಮಾತ್ರ. ಕಾಲು ಬೇರೆ ಲೆಕ್ಕ. ನಡೆಯುವಾಗ ನೆಲದಿಂದ ಎದ್ದ ಪಾದ ದೇಹಕ್ಕಿಂತ ಎರಡು-ಮೂರು ಪಟ್ಟು ವೇಗದಲ್ಲಿ ಮುಂದೆ ಬರುತ್ತೆ. ಮುಖ ಚೂಪಾಗಿದ್ದು ಚಪ್ಪಲಿ ಮಾತ್ರ ಅಳಿಸಿಹೋದ ಹಾಗೆ ಕಾಣೋದು ಅದಕ್ಕೇ. ನನಗೇನೋ ಅದು ಇಷ್ಟ, ನಡಿಗೆ ನಡಿಗೆಯಾಗಿ ಕಾಣುತ್ತೆ. ಇನ್ನು ಸ್ಕೂಟರ್. ಪುಣೆಯಲ್ಲಿ ಸ್ಕೂಟರ್ ಇಲ್ಲದ ಬೀದಿ ಫೋಟೋ ತೆಗೆಯೋದೇ ಒಂದು ಸಾಹಸ. ಗಂಟೆಗೆ 30 ಕಿಲೋಮೀಟರ್ ಅಂದ್ರೂ 1/500 ಸೆಕೆಂಡಿನಲ್ಲಿ ಒಂದೂವರೆ ಸೆಂಟಿಮೀಟರ್‌ಗಿಂತ ಹೆಚ್ಚು ಓಡಿರುತ್ತೆ. ಅದನ್ನ ನಿಲ್ಲಿಸಬೇಕು ಅಂದ್ರೆ 1/1000 ದಾಟಿ. ಇಲ್ಲಾಂದ್ರೆ 1/30ಕ್ಕೆ ಇಳಿಸಿ, ಕ್ಯಾಮೆರಾವನ್ನ ಸ್ಕೂಟರ್ ಜೊತೆ ತಿರುಗಿಸಿ. ನಡುವೆ 1/125ರ ಹತ್ತಿರ ನಿಂತ್ರೆ ಎರಡೂ ಆಗಲ್ಲ. ಬೇಕಂತಲೇ ಮಾಡಿದ ಮಸುಕಿನ ಹಾಗೂ ಕಾಣಲ್ಲ, ಚೂಪಾಗಿಯೂ ಇರಲ್ಲ.

ಬೇಕಂತಲೇ ಮಾಡಿದ ಮಸುಕಿಗೆ ನಾನು ಯಾವಾಗಲೂ ತೋರಿಸೋದು ರಘು ರಾಯ್ ಅವರು ಮುಂಬೈನ ಚರ್ಚ್‌ಗೇಟ್ ಸ್ಟೇಷನ್ನಿನಲ್ಲಿ 1995ರಲ್ಲಿ ತೆಗೆದ ಚಿತ್ರ. ಪ್ಲಾಟ್‌ಫಾರ್ಮಿನ ತುಂಬ ಜನ ಹೊಗೆಯ ಹಾಗೆ ಹರಿದು ಹೋಗ್ತಿದ್ದಾರೆ, ಆ ಹೊಗೆಯ ನಡುವೆ ಪೇಪರ್ ಓದುತ್ತ ಅಲುಗಾಡದೆ ಇರುವವರು ಮಾತ್ರ ಸ್ಪಷ್ಟ. ಮುಂಬೈ ಲೋಕಲ್‌ನಲ್ಲಿ ಓಡಾಡಿದವರಿಗೆ ಆ ಚಿತ್ರ ವಿವರಿಸಬೇಕಾಗಿಲ್ಲ. ಅಲ್ಲಿ ಶಟರನ್ನ ನಿಧಾನ ಮಾಡಿದ್ದೇ ಚಿತ್ರದ ಅರ್ಧ ಜೀವ. ವೇಗದ ಶಟರ್ ಇಟ್ಟಿದ್ರೆ ಸಿಗ್ತಿದ್ದದ್ದು ಜನಜಂಗುಳಿಯ ಇನ್ನೊಂದು ಫೋಟೋ, ಅಷ್ಟೇ. ನೆನಪಿಡಿ, ನಿಧಾನದ ಶಟರಿಗೆ ಚಿತ್ರದಲ್ಲಿ ಯಾರಾದ್ರೂ ಅಲುಗಾಡದೆ ನಿಂತಿರಲೇಬೇಕು. ಹಾಗೆಯೇ ನೀವೂ.

ಅಪರ್ಚರ್ ಬಗ್ಗೆ ಬೇಗ ಹೇಳಿ ಮುಗಿಸ್ತೀನಿ. ಹೊಸದಾಗಿ ಎಫ್/1.4 ಲೆನ್ಸ್ ತಗೊಂಡವರು ಎಲ್ಲವನ್ನೂ ಎಫ್/1.4ರಲ್ಲೇ ತೆಗೀತಾರೆ, ದುಡ್ಡು ಕೊಟ್ಟಿದ್ದೀವಲ್ಲ ಅಂತ. ಹಿನ್ನೆಲೆ ಬೆಣ್ಣೆ ಹಾಗೆ ಕರಗಿಹೋಗುತ್ತೆ ನಿಜ. ಆದ್ರೆ ಬೀದಿಯನ್ನೇ ಕರಗಿಸಿದ ಮೇಲೆ ಅದು ಬೀದಿ ಫೋಟೋ ಹೇಗಾಗುತ್ತೆ? ಹಗಲಲ್ಲಿ ನನ್ನದು ಎಫ್/8. ಹಳೆಯ ಪತ್ರಿಕಾ ಛಾಯಾಗ್ರಾಹಕರು ಎಫ್/8ಕ್ಕೆ ಇಟ್ಟು ಜಾಗದಲ್ಲಿ ಇರು, ಬೇರೇನೂ ಬೇಡ ಅಂತಿದ್ದದ್ದು ಸುಮ್ಮನೆ ಅಲ್ಲ. 23 ಮಿ.ಮೀ. ಲೆನ್ಸಿನಲ್ಲಿ ಎಫ್/8 ಇಟ್ಟು ಫೋಕಸನ್ನ ಕೈಯಿಂದಲೇ ಮೂರೂವರೆ ಮೀಟರಿಗೆ ನಿಲ್ಲಿಸಿದ್ರೆ ಒಂದೂಮುಕ್ಕಾಲು ಮೀಟರಿನಿಂದ ಹಿಡಿದು ರಸ್ತೆಯ ಕೊನೆಯ ತನಕ ಎಲ್ಲ ಸಾಕಷ್ಟು ಚೂಪು. ಆಟೋಫೋಕಸ್ ಕಾಯೋ ಪ್ರಶ್ನೆಯೇ ಇಲ್ಲ. ಅದೇ ಲೆನ್ಸ್ ಎಫ್/2ರಲ್ಲಿ, 3 ಮೀಟರಿಗೆ ಫೋಕಸ್ ಮಾಡಿದ್ರೆ ಎರಡೂವರೆ ಮೀಟರಿನಿಂದ ನಾಲ್ಕು ಮೀಟರಿನೊಳಗೆ ಮಾತ್ರ. ಜನ ನಡೆದು ಬರುವಾಗ ಅಷ್ಟು ಜಾಗ ದಾಟೋಕೆ ಒಂದು ಸೆಕೆಂಡ್ ಸಾಕು.

ಐಎಸ್ಒ ಬಗ್ಗೆ ಇನ್ನೂ ಬೇಗ. ಆಟೋ ಬಿಡಿ, ಗರಿಷ್ಠ 6400 ಇಡಿ. ಗ್ರೇನ್ ಬಂದ್ರೆ ಬರಲಿ. ಅಲುಗಾಡಿದ ಮುಖವನ್ನ ಆಮೇಲೆ ಸರಿಮಾಡೋಕಾಗಲ್ಲ, ಸುಟ್ಟುಹೋದ ಬಿಳಿಯನ್ನ ವಾಪಸ್ ತರೋಕಾಗಲ್ಲ, ಗ್ರೇನನ್ನ ಮಾತ್ರ ಎಲ್ಲರೂ ಕ್ಷಮಿಸ್ತಾರೆ. ರಘುಬೀರ್ ಸಿಂಗ್ ಅವರು ನಮ್ಮ ದೇಶದ ಬೀದಿಗಳನ್ನ ದಶಕಗಳ ಕಾಲ ಕೊಡಾಕ್ರೋಮ್ ಸ್ಲೈಡ್ ಫಿಲ್ಮಿನಲ್ಲಿ ತೆಗೆದರು. ಆ ಫಿಲ್ಮಿನ ಹೆಸರಾಂತ ರೂಪದ ಐಎಸ್ಒ 64. ರೋಲ್ ಮುಗಿಯೋ ತನಕ ಅದೇ 64! ಅರ್ಧ ಸ್ಟಾಪ್ ಹೆಚ್ಚುಕಮ್ಮಿ ಆದ್ರೂ ಸ್ಲೈಡ್ ಕೆಟ್ಟಂತೆ. ನಾವು ಒಂದೊಂದು ಫೋಟೋಗೂ ಐಎಸ್ಒ ಬದಲಿಸಬಹುದಾದ ಕಾಲದಲ್ಲಿದ್ದೀವಿ, 1600 ನೋಡಿ ಹೆದರೋದು ಯಾಕೆ?

ಈಗ ಬೆಳಕು. ಇದನ್ನ ಮಂಡಯಿಯ ದಾರಿಯಲ್ಲೇ ಹೇಳಿದ್ರೆ ಚೆನ್ನಾಗಿ ಅರ್ಥ ಆಗುತ್ತೆ. ಹಳೆಯ ಫಿಲ್ಮ್ ಪೊಟ್ಟಣದ ಮೇಲೆ ಒಂದು ಸೂತ್ರ ಇರ್ತಿತ್ತು, 'ಸನ್ನಿ 16'. ಸ್ವಚ್ಛ ಬಿಸಿಲಿದ್ರೆ ಅಪರ್ಚರ್ ಎಫ್/16, ಶಟರ್ ಅಂದ್ರೆ ಒಂದರ ಕೆಳಗೆ ನಿಮ್ಮ ಐಎಸ್ಒ. ಐಎಸ್ಒ 100 ಇದ್ರೆ 1/100. ಮೀಟರ್ ಬೇಡ, ಬ್ಯಾಟರಿ ಬೇಡ. ಅದನ್ನ ನಮ್ಮ ಎಫ್/8ಕ್ಕೆ ತಂದ್ರೆ, ಬೆಳಕು ನಾಲ್ಕು ಪಟ್ಟು ಒಳಗೆ ಬರೋದ್ರಿಂದ ಶಟರ್ ನಾಲ್ಕು ಪಟ್ಟು ವೇಗ, ಹೆಚ್ಚುಕಡಿಮೆ 1/500 ಅಂತಿಟ್ಕೊಳ್ಳಿ. ಅಂದ್ರೆ ಲಕ್ಷ್ಮೀ ರೋಡಿನ ಬಿಸಿಲಲ್ಲಿ ಎಫ್/8, 1/500, ಐಎಸ್ಒ 100. ಅಲ್ಲಿಂದ ಅಂಗಡಿಗಳ ನೆರಳಿಗೆ ಸರಿದ್ರೆ ಬೆಳಕು ಮೂರು ಸ್ಟಾಪ್ ಕಡಿಮೆ, ಐಎಸ್ಒ 800 ಆಗುತ್ತೆ. ಜುಲೈನ ದಟ್ಟ ಮೋಡದ ದಿನ 1600. ಇಲ್ಲಿಯ ತನಕ ಒಂದೇ ಸೆಟ್ಟಿಂಗ್ ಸಾಕು, ಐಎಸ್ಒ ತಾನೇ ಏರಿಳಿಯುತ್ತೆ.

ಆಮೇಲೆ ಮಂಡಯಿ. ಮಹಾತ್ಮಾ ಫುಲೆ ಮಂಡಯಿ ಅನ್ನೋದು ಬ್ರಿಟಿಷರ ಕಾಲದ ಕಲ್ಲಿನ ಕಟ್ಟಡ, 1880ರ ದಶಕದ್ದು. ಆಗ ಮುಂಬೈ ಗವರ್ನರ್ ಆಗಿದ್ದ ಲಾರ್ಡ್ ರೇ ಹೆಸರಿನಲ್ಲಿ ರೇ ಮಾರ್ಕೆಟ್ ಅಂತಿದ್ರು. ನಡುವೆ ಎಂಟು ಮೂಲೆಯ ಗೋಪುರ, ಅದರಿಂದ ಹೊರಟ ಉದ್ದನೆಯ ಹಜಾರಗಳು, ಒಳಗೆ ಎತ್ತರದ ಕಟ್ಟೆಗಳ ಮೇಲೆ ತರಕಾರಿ ಗುಡ್ಡೆ ಹಾಕಿಕೊಂಡು ಕೂತಿರುವ ಮಾರಾಟಗಾರರು. ಬೆಳಕು ಬರೋದು ಎತ್ತರದಿಂದ ಮತ್ತು ಬಾಗಿಲುಗಳಿಂದ, ಜೊತೆಗೆ ಅಲ್ಲಲ್ಲಿ ತೂಗುಹಾಕಿದ ಬಲ್ಬು. ಹೊರಗಿನ ಬಿಸಿಲಿಗೂ ಒಳಗಿನ ಕತ್ತಲೆ ಮೂಲೆಗೂ ಎಂಟು ಸ್ಟಾಪ್ ವ್ಯತ್ಯಾಸ ಸುಲಭವಾಗಿ ಇರುತ್ತೆ. ಎರಡರ ಎಂಟನೇ ಘಾತ, 256 ಪಟ್ಟು. ನಮ್ಮ ಕಣ್ಣು ಹೊಂದಿಕೊಂಡುಬಿಡುತ್ತೆ, ಅದಕ್ಕೇ ಗೊತ್ತಾಗಲ್ಲ. ಎಫ್/8, 1/500 ಇಟ್ಕೊಂಡೇ ಒಳಗೆ ಹೋದ್ರೆ ಕ್ಯಾಮೆರಾ ಐಎಸ್ಒ 25600 ಕೇಳುತ್ತೆ, ನೀವು 6400ಕ್ಕೆ ಬೇಲಿ ಹಾಕಿದ್ದೀರಿ, ಫೋಟೋ ಎರಡು ಸ್ಟಾಪ್ ಕಪ್ಪು. ಅದಕ್ಕೇ ಬಾಗಿಲಲ್ಲೇ ಎರಡನೇ ಸೆಟ್ಟಿಂಗ್: ಎಫ್/4, 1/250. ಆಗ ಐಎಸ್ಒ 3200ರ ಹತ್ತಿರ ನಿಲ್ಲುತ್ತೆ. ಕೂತು ವ್ಯಾಪಾರ ಮಾಡೋರನ್ನ ತೆಗೆಯೋಕೆ 1/250 ಧಾರಾಳ.

ನನ್ನ ಕ್ಯಾಮೆರಾದಲ್ಲಿ ಇದನ್ನ ಮೂರು ಕಸ್ಟಮ್ ಮೋಡ್ ಮಾಡಿ ಇಟ್ಟಿದ್ದೀನಿ. ಹೊರಗೆ, ಒಳಗೆ, ರಾತ್ರಿ. ಎಲ್ಲವೂ ಮ್ಯಾನುಯಲ್ ಮೋಡ್, ಐಎಸ್ಒ ಮಾತ್ರ ಆಟೋ. ಡಯಲ್ ಒಂದು ಸಲ ಟಕ್ ಅಂತ ತಿರುಗಿಸಿದ್ರೆ ಮುಗೀತು. ನೀವು ಕೇಳಿದ ಕಾನ್ಫಿಗ್ ಇದೇ.

ಆದ್ರೆ ಈ ಕಾನ್ಫಿಗ್‌ನಲ್ಲಿ ಇಲ್ಲದ ಒಂದು ಡಯಲ್ ಇದೆ. ಎಕ್ಸ್‌ಪೋಶರ್ ಕಾಂಪನ್ಸೇಶನ್, ಆ ಪ್ಲಸ್-ಮೈನಸ್ ಇರೋದು. ನಾನು ಇವತ್ತು ಮಾತಾಡೋಕೆ ಒಪ್ಪಿದ್ದೇ ಅದರ ಸಲುವಾಗಿ.

ಮೀಟರ್ ಅನ್ನೋದು ಏನು ಮಾಡುತ್ತೆ? ಎದುರಿಗಿರುವ ದೃಶ್ಯದಿಂದ ವಾಪಸ್ ಬರ್ತಿರುವ ಬೆಳಕನ್ನ ಅಳೆಯುತ್ತೆ. ಆ ದೃಶ್ಯ ಸರಾಸರಿಯಲ್ಲಿ ನಡುಮಟ್ಟದ ಬೂದು ಬಣ್ಣ ಅಂತ ಊಹೆ ಮಾಡುತ್ತೆ. ಎದುರಿಗೆ ಬಿಳಿ ಬಂದ್ರೆ 'ಓ, ಬೆಳಕು ಜಾಸ್ತಿ' ಅಂತ ಕಡಿಮೆ ಮಾಡುತ್ತೆ. ಕಪ್ಪು ಬಂದ್ರೆ ಹೆಚ್ಚು ಮಾಡುತ್ತೆ. ಈಗಿನ ಕ್ಯಾಮೆರಾಗಳು ಮುಖ ಗುರುತಿಸ್ತವೆ, ಸ್ವಲ್ಪ ಜಾಣ ಆಗಿವೆ, ಆದ್ರೂ ಬೇರಿನಲ್ಲಿ ಇರೋದು ಇದೇ ಊಹೆ.

ಜ್ಯೇಷ್ಠ ಮಾಸದಲ್ಲಿ ಆಳಂದಿಯಿಂದ ಜ್ಞಾನೇಶ್ವರರ ಪಾಲ್ಖಿ, ದೇಹೂದಿಂದ ತುಕಾರಾಮರ ಪಾಲ್ಖಿ ಎರಡೂ ಪುಣೆಗೆ ಬಂದು ತಂಗ್ತವೆ. ಪಂಢರಪುರದ ವಿಠ್ಠಲ ನಮಗೆ ದೂರದವನಲ್ಲ, ದಾಸರ ಪದಗಳಲ್ಲಿ ನಾವೂ ಕೇಳಿ ಬೆಳೆದವನು. ಹಾಗಾಗಿ ಪುಣೆಯ ಕನ್ನಡದವರು ಆ ದಿನ ಕ್ಯಾಮೆರಾ ಹಿಡಿದು ಹೋಗದೇ ಇರಲ್ಲ. ಬಿಳಿ ಧೋತರ, ಬಿಳಿ ಅಂಗಿ, ಬಿಳಿ ಟೋಪಿ, ಸಾವಿರಾರು ಜನ. ಮೀಟರಿಗೆ ಫ್ರೇಮಿನ ತುಂಬ ಬಿಳಿಯೇ ಬಿಳಿ. ಅದು ಎಲ್ಲವನ್ನೂ ಕೆಳಗೆ ಎಳೆಯುತ್ತೆ. ಬಟ್ಟೆ ಬೂದು ಆಗುತ್ತೆ. ಹೊಲದಲ್ಲಿ ಬಿಸಿಲುಂಡ ಮುಖಗಳು, ಮೊದಲೇ ಟೋಪಿಯ ನೆರಳಿನಲ್ಲಿರುವಂಥವು, ಪೂರ್ತಿ ಕಪ್ಪು ಗುಂಡಿಗಳಾಗ್ತವೆ. ಬಿಳಿ ಬಟ್ಟೆಗೂ ದಟ್ಟ ಕಂದು ಚರ್ಮಕ್ಕೂ ಒಂದೇ ಬೆಳಕಿನಲ್ಲಿ ಮೂರರಿಂದ ನಾಲ್ಕು ಸ್ಟಾಪ್ ಅಂತರ ಇರುತ್ತೆ. ಬಟ್ಟೆಗೋಸ್ಕರ ಕ್ಯಾಮೆರಾ ಒಂದು ಸ್ಟಾಪ್ ಕೆಳಗಿಳಿದ್ರೆ ಆ ನಷ್ಟ ಹೋಗೋದು ಬಟ್ಟೆಗಲ್ಲ, ಮುಖಕ್ಕೆ. ಮೋಡದ ದಿನ ಪಾಲ್ಖಿಯಲ್ಲಿ ನಾನು ಪ್ಲಸ್ 1ರಲ್ಲಿ ಇಟ್ಟು ಬಿಡ್ತೀನಿ, ಇಡೀ ದಿನ.

ಈಗ ಬೀದಿ ಫೋಟೋಗ್ರಫಿಯ ಒಂದು ಫ್ಯಾಷನ್ ನೋಡಿ. ಗಟ್ಟಿ ಬಿಸಿಲು, ಕಡುಕಪ್ಪು ನೆರಳು, ನಡುವೆ ನಡೆದು ಹೋಗುವ ಒಂದು ಆಕೃತಿ. ಮೈನಸ್ 2ಕ್ಕೆ ಇಟ್ಟು, ಹೈಲೈಟ್ ಉಳಿಸಿ, ಉಳಿದದ್ದನ್ನೆಲ್ಲ ಕಪ್ಪಿಗೆ ಬಿಡೋದು. ನೋಡೋಕೆ ಚೆಂದ. ನಾನೂ ತೆಗೀತೀನಿ. ಕೆಲಸ ಮಾಡುತ್ತೆ, ಯಾಕಂದ್ರೆ ಅಲ್ಲಿ ವಿಷಯ ಬೆಳಕೇ ಹೊರತು ಮನುಷ್ಯ ಅಲ್ಲ. ಮನುಷ್ಯ ಅಳತೆಗೆ ನಿಂತ ಗೊಂಬೆ. ತೊಂದರೆ ಏನಂದ್ರೆ, ನಮ್ಮ ಊರುಗಳಲ್ಲಿ ಬೆಳಗ್ಗೆ ಏಳು ಗಂಟೆಗೆ ಬೀದಿಯಲ್ಲಿ ಇರುವವರು ಯಾರು? ಹಮಾಲರು, ಕಸ ಗುಡಿಸೋರು, ಹೂ ಮಾರೋರು, ಕೂಲಿಗೆ ಹೊರಟವರು. ಮೈನಸ್ 2ರ ಫೋಟೋದಲ್ಲಿ ಗೊಂಬೆ ಆಗೋದು ಹೆಚ್ಚಾಗಿ ಅವರೇ. ಆ ಹೊತ್ತಿಗೆ ಬೀದಿಗೆ ಇಳಿಯದ ನಮ್ಮಂಥವರಲ್ಲ.

ಪುಣೆಯಲ್ಲಿ ಮಜೂರ್ ಅಡ್ಡಾ ಅಂತ ಇರ್ತವೆ, ಬೆಳಗ್ಗೆ ಕೂಲಿ ಕೆಲಸಕ್ಕೆ ಕರೆಯೋರಿಗಾಗಿ ಜನ ಕಾದು ನಿಲ್ಲುವ ನಾಕಾಗಳು. ಅಲ್ಲಿ ನಿಂತ್ರೆ ಮರಾಠಿ, ಹಿಂದಿಯ ಜೊತೆ ನಮ್ಮ ಕಲಬುರಗಿ, ಯಾದಗಿರಿ, ವಿಜಯಪುರದ ಕನ್ನಡ ಕಿವಿಗೆ ಬೀಳುತ್ತೆ. ಕಳೆದ ಚಳಿಗಾಲದಲ್ಲಿ ನಮ್ಮ ಗುಂಪಿನ ಗೆಳೆಯ ಒಬ್ಬ ಅಲ್ಲಿ ಒಬ್ಬ ಹೆಣ್ಣುಮಗಳನ್ನ ಕೇಳಿ, ಒಪ್ಪಿಸಿ ಫೋಟೋ ತೆಗೆದ. ಸೂರ್ಯ ಆಕೆಯ ಬೆನ್ನ ಹಿಂದೆ. ತಲೆ ಮೇಲೆ ಬುಟ್ಟಿ, ಸುತ್ತ ಬಂಗಾರದ ಗೆರೆ, ಹಿಂದೆ ಕಿತ್ತಳೆ ಆಕಾಶ, ಆಕೆ ಪೂರ್ತಿ ಕಪ್ಪು ಆಕೃತಿ. ಫೋಟೋ ಚೆನ್ನಾಗಿತ್ತು, ಈಗಲೂ ಚೆನ್ನಾಗಿದೆ ಅಂತಲೇ ಹೇಳ್ತೀನಿ. ಆಕೆ ಸ್ಕ್ರೀನ್ ಬಗ್ಗಿ ನೋಡಿದ್ಲು. ನಾವು ಕನ್ನಡದವರು ಅಂತ ಗೊತ್ತಾಗಿತ್ತು.

"ಮುಗಿಲು ಚಂದ ಬಂದದ ಅಣ್ಣಾ. ನನ್ ಮಾರಿ ಎಲ್ಲದ ಇದ್ರಾಗ?"

ಗೆಳೆಯ, "ಇದು ಹಿಂಗೇ ಅಕ್ಕಾ, ಆರ್ಟ್ ಥರ" ಅಂತ ಏನೋ ಹೇಳೋಕೆ ಹೋದ.

"ಊರಾಗ ಮಗಳಿಗಿ ಕಳಸ್ಬೇಕಂತ ಮಾಡಿದ್ದೆ. ಇದ್ ನಾನೇ ಅಂತ ಆಕಿಗಿ ಹ್ಯಾಂಗ್ ತಿಳೀತದ?"

ಅವನು ಮರುಮಾತಾಡದೆ ಡಯಲನ್ನ ಪ್ಲಸ್ ಕಡೆಗೆ ತಿರುಗಿಸಿದ. ಒಂದೂಮುಕ್ಕಾಲು ಸ್ಟಾಪಿನಷ್ಟು. ಎರಡನೇ ಫೋಟೋದಲ್ಲಿ ಆಕಾಶ ಬಿಳಿ ಕಾಗದ ಆಗಿತ್ತು, ಬಂಗಾರದ ಗೆರೆ ಸುಟ್ಟುಹೋಗಿತ್ತು. ಮುಖ ಇತ್ತು. ಹಣೆಯ ಕುಂಕುಮ, ಮೂಗುಬೊಟ್ಟು, ನಗು ತಡೆದುಕೊಂಡ ಬಾಯಿ. "ಹಾಂ, ಈಗ ಕಂಡೆ ನೋಡು" ಅಂತ ಆಕೆ ನಂಬರ್ ಕೊಟ್ಟು ವಾಟ್ಸಾಪಿಗೆ ಹಾಕಿಸ್ಕೊಂಡ್ಲು.

ಎರಡೂ ಫೋಟೋ ಆ ಬೆಳಕಿನಲ್ಲಿ 'ಸರಿ'ಯಾದ ಎಕ್ಸ್‌ಪೋಶರ್‌ಗಳೇ. ಒಂದು ಮುಗಿಲಿಗೆ ಸರಿ, ಇನ್ನೊಂದು ಮಾರಿಗೆ ಸರಿ. ಹಿಸ್ಟೋಗ್ರಾಂ ನಿಮಗೆ ಯಾವುದು ಸುಟ್ಟಿದೆ ಅಂತ ಹೇಳಬಹುದು, ಯಾವುದು ಸುಡಬಹುದು ಅಂತ ಹೇಳಲ್ಲ. ರಾ ಫೈಲ್ ಇದೆಯಲ್ಲ, ಆಮೇಲೆ ನೆರಳು ಎತ್ತಿದ್ರಾಯ್ತು ಅಂತೀರಿ. ಒಂದೆರಡು ಸ್ಟಾಪ್ ಎತ್ತಬಹುದು, ನಿಜ. ಅದರಾಚೆ ಎತ್ತಿದ್ರೆ ಕಂದು ಚರ್ಮ ಮೊದಲು ಕೆಡುತ್ತೆ. ಹಸಿರು-ನೇರಳೆ ಚುಕ್ಕೆ, ಮಣ್ಣಿನ ಮುದ್ದೆಯಂಥ ಬಣ್ಣ. ಬೆಳಕು ಬಿದ್ದ ಕಡೆ ಮಾಹಿತಿ ಇರುತ್ತೆ, ಬೀಳದ ಕಡೆ ಇರಲ್ಲ. ಸೆನ್ಸರ್ ಅಷ್ಟೇ.

ಇದು ಇವತ್ತಿನ ಕಥೆಯಲ್ಲ. ಫಿಲ್ಮ್ ಕಾಲದಲ್ಲಿ ಕೊಡಾಕ್ ಕಂಪನಿ ಪ್ರಿಂಟಿಂಗ್ ಲ್ಯಾಬುಗಳಿಗೆ ಬಣ್ಣ ಹೊಂದಿಸಿಕೊಳ್ಳೋಕೆ ಒಂದು ಮಾದರಿ ಚಿತ್ರ ಕಳಿಸ್ತಿತ್ತು. 'ಶರ್ಲಿ ಕಾರ್ಡ್' ಅಂತ ಅದರ ಹೆಸರು. ಅದರಲ್ಲಿದ್ದದ್ದು ಬಿಳಿಯ ಹೆಣ್ಣುಮಗಳು. ಆಕೆಯ ಚರ್ಮ ಸರಿಯಾಗಿ ಬಂದ್ರೆ ಮಷೀನು ಸರಿಯಾಗಿದೆ ಅಂತ ಲೆಕ್ಕ. ಬೇರೆ ಬೇರೆ ಚರ್ಮದ ಬಣ್ಣಗಳಿರುವ ಕಾರ್ಡ್ ಬಂದದ್ದು 1990ರ ದಶಕದಲ್ಲಿ. ನಮ್ಮ ಅಪ್ಪ-ಅಮ್ಮನ ಮದುವೆ ಆಲ್ಬಮ್ ತೆಗೆದು ನೋಡಿ. ಕಪ್ಪಗಿರುವ ಚಿಕ್ಕಪ್ಪಂದಿರು ಗುಂಪು ಫೋಟೋದ ಮೂಲೆಯಲ್ಲಿ ಬರೀ ಹಲ್ಲು ಮತ್ತು ಕಣ್ಣು. ಎಲ್ಲ ತಪ್ಪನ್ನೂ ಊರಿನ ಸ್ಟುಡಿಯೋದವನ ಮೇಲೆ ಹಾಕೋ ಹಾಗಿಲ್ಲ. ಗೂಗಲ್ ತನ್ನ ಪಿಕ್ಸೆಲ್ 6 ಫೋನಿನಲ್ಲಿ 'ರಿಯಲ್ ಟೋನ್' ಅಂತ ತಂದಾಗ ಇಸವಿ 2021.

ಮುಖಕ್ಕೆ ಎಕ್ಸ್‌ಪೋಸ್ ಮಾಡೋದು ಅಂದ್ರೆ ಮುಖ ಬೆಳ್ಳಗೆ ಮಾಡೋದು ಅಂತ ಯಾರೂ ತಿಳ್ಕೋಬೇಡಿ. ಅದು ಫೇರ್‌ನೆಸ್ ಕ್ರೀಮ್ ಕೆಲಸ. ಕೆಲವು ಫೋನುಗಳ ಬ್ಯೂಟಿ ಮೋಡ್ ಅದನ್ನೇ ಮಾಡೋದು. ಕಪ್ಪು ಮುಖ ಕಪ್ಪಾಗೇ ಇರಬೇಕು, ಆದ್ರೆ ಅದರಲ್ಲಿ ಕೆನ್ನೆ ಎಲ್ಲಿ ತಿರುಗುತ್ತೆ, ಹಣೆಯ ಗೆರೆ ಎಷ್ಟು, ಕಣ್ಣು ಎತ್ತ ನೋಡ್ತಿದೆ ಅನ್ನೋದು ಕಾಣಬೇಕು.

ಅದನ್ನ ಅಳೆಯೋಕೆ ಒಂದು ಉಪಾಯ ಹೇಳ್ತೀನಿ, ಹಳೆಯದು, ಬಿಟ್ಟಿ. ನಿಮ್ಮ ಅಂಗೈ. ನಮ್ಮ ಮೈಬಣ್ಣ ಎಷ್ಟೇ ಬೇರೆ ಇದ್ರೂ ಅಂಗೈ ಬಣ್ಣದಲ್ಲಿ ಅಷ್ಟು ವ್ಯತ್ಯಾಸ ಇರಲ್ಲ. ಅದು ಮೀಟರ್ ಊಹಿಸುವ ಬೂದಿಗಿಂತ ಸುಮಾರು ಒಂದು ಸ್ಟಾಪ್ ಬೆಳ್ಳಗಿರುತ್ತೆ. ನೀವು ತೆಗೆಯಬೇಕಾದ ಜನ ಯಾವ ಬೆಳಕಿನಲ್ಲಿದ್ದಾರೋ ಅದೇ ಬೆಳಕಿಗೆ ಅಂಗೈ ಹಿಡಿಯಿರಿ. ಬಿಸಿಲಾದ್ರೆ ಬಿಸಿಲಿಗೆ, ನೆರಳಾದ್ರೆ ನೆರಳಿಗೆ. ಸ್ಪಾಟ್ ಮೀಟರಿನಲ್ಲಿ ಅದನ್ನ ಅಳೆದು ಒಂದು ಸ್ಟಾಪ್ ಹೆಚ್ಚು ಮಾಡಿ, ಐಎಸ್ಒ ಸಮೇತ ಎಲ್ಲ ಲಾಕ್ ಮಾಡಿ. ಅಂಗೈ ಹುಣ್ಣಿಗೆ ಕನ್ನಡಿ ಬೇಡ ಅಂತಾರಲ್ಲ, ಅಂಗೈ ಇದ್ರೆ ಗ್ರೇ ಕಾರ್ಡೂ ಬೇಡ. ಆಮೇಲೆ ಬಿಳಿ ಜುಬ್ಬಾದವರು ಬರಲಿ, ಕಪ್ಪು ಬುರ್ಖಾದವರು ಬರಲಿ, ಅವರ ಮೇಲೆ ಬೀಳ್ತಿರುವ ಬೆಳಕು ಒಂದೇ, ಹಾಗಾಗಿ ಎಕ್ಸ್‌ಪೋಶರ್ ಕೂಡ ಒಂದೇ. ಬಟ್ಟೆ ನೋಡಿ ಮೀಟರ್ ಗಲಿಬಿಲಿ ಆಗೋ ಪ್ರಶ್ನೆ ಬರಲ್ಲ. ಒಂದೇ ಬೆಳಕಿನ ಗಲ್ಲಿಯಲ್ಲಿ ಅರ್ಧ ಗಂಟೆ ನಿಲ್ತೀರಿ ಅಂದ್ರೆ ಆಟೋ ಐಎಸ್ಒಗಿಂತ ಇದೇ ಒಳ್ಳೇದು. ಓಡಾಡುವಾಗ ಮಾತ್ರ ಆಟೋ.

ಮಧ್ಯಾಹ್ನ ಹನ್ನೆರಡರಿಂದ ಮೂರರ ತನಕ? ಬಿಸಿಲು ನೆತ್ತಿ ಮೇಲಿರುತ್ತೆ, ಕಣ್ಣಿನ ಗುಳಿಯಲ್ಲಿ ಕತ್ತಲೆ. ಆಗ ಯಾವ ಡಯಲೂ ಸಹಾಯ ಮಾಡಲ್ಲ. ರಸ್ತೆಯ ನೆರಳಿನ ಬದಿಗೆ ಬನ್ನಿ, ಎದುರಿನ ಗೋಡೆಗೆ ಬಿಸಿಲು ಬಿದ್ದು ಅಲ್ಲಿಂದ ವಾಪಸ್ ಬರುವ ಬೆಳಕು ಮುಖಗಳಿಗೆ ಅದ್ಭುತವಾಗಿರುತ್ತೆ. ತುಳಶಿಬಾಗಿನ ಇಕ್ಕಟ್ಟು ಗಲ್ಲಿಗಳು ಅದಕ್ಕೇ ಹೇಳಿ ಮಾಡಿಸಿದಂತಿವೆ. ಇಲ್ಲಾಂದ್ರೆ ಊಟ ಮಾಡಿ.

ರಾತ್ರಿಯ ಒಂದು ವಿಷಯ ಹೇಳಲೇಬೇಕು, ಇದನ್ನ ವಿದೇಶದ ಟ್ಯುಟೋರಿಯಲ್ ನೋಡಿ ಕಲಿತವರು ಎಡವ್ತಾರೆ. ನಮ್ಮ ಕರೆಂಟು 50 ಹರ್ಟ್ಸ್. ಟ್ಯೂಬ್‌ಲೈಟು, ಅಗ್ಗದ ಎಲ್‌ಇಡಿ ಬಲ್ಬು ಸೆಕೆಂಡಿಗೆ 100 ಸಲ ಮಿನುಗ್ತವೆ. ಕಣ್ಣಿಗೆ ಕಾಣಲ್ಲ. ಆದ್ರೆ ಶಟರ್ 1/250 ಇಟ್ರೆ ಒಂದು ಫೋಟೋ ಬೆಳಕು, ಮುಂದಿನದು ಕತ್ತಲೆ, ಇನ್ನೊಂದರಲ್ಲಿ ಅಡ್ಡ ಪಟ್ಟಿಗಳು. ಸೈಲೆಂಟ್ ಅಂತ ಎಲೆಕ್ಟ್ರಾನಿಕ್ ಶಟರ್ ಹಾಕಿದ್ರೆ ಇನ್ನೂ ಜೋರು. ಅಮೆರಿಕದಲ್ಲಿ ಕರೆಂಟು 60 ಹರ್ಟ್ಸ್, ಅಲ್ಲಿನವರು 1/60 ಅಥವಾ 1/125 ಇಡಿ ಅಂತಾರೆ. ನಮಗೆ 1/50 ಅಥವಾ 1/100. ನನ್ನ ರಾತ್ರಿಯ ಮೋಡ್ ಅದಕ್ಕೇ ಎಫ್/2, 1/100. ಸಾಮಾನ್ಯ ಬೀದಿ ದೀಪಕ್ಕೆ ಐಎಸ್ಒ 1250ರಿಂದ 3200ರೊಳಗೆ ಆಗಿಹೋಗುತ್ತೆ. ಕ್ಯಾಮೆರಾದಲ್ಲಿ ಆ್ಯಂಟಿ-ಫ್ಲಿಕರ್ ಇದ್ರೆ ಆನ್ ಮಾಡಿ, ಫೋನಿನಲ್ಲಿ 50 ಹರ್ಟ್ಸ್ ಆಯ್ಕೆ ಇದ್ರೆ ಅದನ್ನೇ ಇಡಿ. ಅನಂತ ಚತುರ್ದಶಿಯ ರಾತ್ರಿ ಲಕ್ಷ್ಮೀ ರೋಡಿನಲ್ಲಿ ಢೋಲ್-ತಾಶಾ ತಂಡಗಳನ್ನ ತೆಗೆಯುವಾಗ ಇದು ಜೀವ ಉಳಿಸುತ್ತೆ. ಢೋಲಿನ ಕೋಲು ಮಸುಕಾಗುತ್ತೆ, ಆಗಲಿ, ಬಾರಿಸೋರ ಮುಖ ನಿಂತಿರುತ್ತೆ. ಗುಲಾಲು ಹಾರುವಾಗ ಲೆನ್ಸ್ ಬದಲಿಸಬೇಡಿ, ಇದು ಎಕ್ಸ್‌ಪೋಶರಿಗೆ ಸಂಬಂಧ ಇಲ್ಲ, ಆದ್ರೂ ಹೇಳ್ತಿದ್ದೀನಿ.

ಫೋನಿನಲ್ಲಿ ತೆಗೆಯೋರಿಗೆ ಎರಡು ಮಾತು. ಮುಖದ ಮೇಲೆ ಬೆರಳಿಟ್ಟು ಒತ್ತಿ ಹಿಡಿಯಿರಿ, ಲಾಕ್ ಆಗುತ್ತೆ, ಆಮೇಲೆ ಬೆರಳು ಮೇಲೆ-ಕೆಳಗೆ ಎಳೆದ್ರೆ ಅದೇ ನಿಮ್ಮ ಪ್ಲಸ್-ಮೈನಸ್ ಡಯಲ್. ಮತ್ತೆ, ನೈಟ್ ಮೋಡ್ ಹಲವು ಫ್ರೇಮ್ ಸೇರಿಸಿ ಒಂದು ಫೋಟೋ ಮಾಡೋದ್ರಿಂದ ನಡೆದಾಡೋ ಜನ ದೆವ್ವದ ಹಾಗೆ ಬರ್ತಾರೆ. ಜನ ಇರೋ ಕಡೆ ಆಫ್ ಮಾಡಿ.

ಅಭ್ಯಾಸಕ್ಕೆ ಕ್ಯಾಮೆರಾನೇ ಬೇಕಾಗಿಲ್ಲ. ಹಿಂಜವಡಿಯ ಟ್ರಾಫಿಕ್ಕಿನಲ್ಲಿ ದಿನಾ ಒಂದು ಗಂಟೆ ಕೂತಿರ್ತೀರಲ್ಲ, ಕಿಟಕಿಯಿಂದ ನೋಡಿ ಲೆಕ್ಕ ಹಾಕ್ತಾ ಇರಿ. ಆ ಬೂಟ್ ಪಾಲಿಶ್ ಮಾಡೋರು ನೆರಳಿನಲ್ಲಿದ್ದಾರೆ, ಎಫ್/8, 1/500, ಐಎಸ್ಒ 800. ಹಿಂದೆ ಬಿಸಿಲು ಬಿದ್ದ ಬಿಳಿ ಕಾಂಪೌಂಡ್ ಇದೆ, ಮೀಟರ್ ಹೆದರುತ್ತೆ, ಪ್ಲಸ್ 1. ಆಮೇಲೆ ಫೋನು ತೆಗೆದು ಯಾವುದಾದ್ರೂ ಲೈಟ್ ಮೀಟರ್ ಆ್ಯಪಿನಲ್ಲಿ ತಾಳೆ ನೋಡಿ. ಎರಡು ವಾರದಲ್ಲಿ ಒಂದು ಸ್ಟಾಪಿನೊಳಗೆ ಬರ್ತೀರಿ.

ಆ ಎರಡೂ ಫೋಟೋಗಳನ್ನ ಈಗ ಸ್ಕ್ರೀನಿನಲ್ಲಿ ಪಕ್ಕಪಕ್ಕ ಹಾಕ್ತೀನಿ, ಆಕೆಯ ಒಪ್ಪಿಗೆ ಕೇಳಿಯೇ ತಂದಿದ್ದೀನಿ. ಯಾವುದನ್ನ ನೀವು ಇಟ್ಕೊಳ್ತಿದ್ರಿ, ಯಾಕೆ ಅಂತ ಹೇಳಿ, ಅಲ್ಲಿಂದಲೇ ಪ್ರಶ್ನೋತ್ತರ ಶುರು ಮಾಡೋಣ.